ಕೆರೆಗೆ ಹಾರ ಸಾಕು, ಆಳು ಬೇಕು

ಸೊಲ್ಲಾಪುರದ ಕನ್ನಡಿಗರು ಸಭೆ ಸೇರಿದಲ್ಲೆಲ್ಲ ಸಿದ್ಧರಾಮನ ಹೆಸರು ಮೊದಲು ಬರುತ್ತದೆ. ಹನ್ನೆರಡನೆಯ ಶತಮಾನದ ಸೊನ್ನಲಿಗೆ ನಮ್ಮದು, ಸಿದ್ಧರಾಮನ ವಚನಗಳು ನಮ್ಮವು, ರಾಘವಾಂಕನ ಕಾವ್ಯ ನಮ್ಮದು ಎಂದು ವೇದಿಕೆಯಿಂದ ಸಾರುತ್ತೇವೆ. ಸರಿಯೇ. ಆದರೆ ಅವನು ಕಟ್ಟಿಸಿದ ಕೆರೆ ಯಾರದು? ಈ ಪ್ರಶ್ನೆ ಬಂದೊಡನೆ ನಮ್ಮ ಬೆರಳು ಮಹಾನಗರಪಾಲಿಕೆಯ ಕಡೆಗೆ ತಿರುಗುತ್ತದೆ.

ಪಾಲಿಕೆಯ ಪರವಾಗಿ ವಾದಿಸಲು ನಾವು ಹೊರಟಿಲ್ಲ. ಉದ್ಯಾನಕ್ಕೆ ಸಂಬಳದ ಮಾಲಿ ಇರಲೇಬೇಕು. ಸ್ವಯಂಸೇವಕರಿದ್ದಾರೆಂಬ ನೆಪದಿಂದ ಅವನ ಹುದ್ದೆಯನ್ನು ಎಲ್ಲಿಯೂ ಖಾಲಿ ಬಿಡಬಾರದು. ಆದರೆ ಮಾಲಿ ಗುಡಿಸಿ ಮುಗಿಸಲಾರದಷ್ಟನ್ನು ಚೆಲ್ಲುವವರು ನಾವೇ ಅಲ್ಲವೆ? ಪೂಜೆಯ ಹಾರವನ್ನು ಪ್ಲಾಸ್ಟಿಕ್ ಚೀಲ ಸಮೇತ ನೀರಿಗೆಸೆದು ಕೈಮುಗಿಯುತ್ತೇವೆ. ಕೊಳೆಯುವ ಹೂವು ನೀರಿನ ಪ್ರಾಣವಾಯುವನ್ನು ಹೀರುತ್ತದೆ, ಪಾಚಿಗೆ ಗೊಬ್ಬರವಾಗುತ್ತದೆ, ಮೀನು ಉಸಿರುಗಟ್ಟುತ್ತದೆ. ಜನಪದ ಹಾಡಿನ ಭಾಗೀರಥಿ ಕೆರೆಗೆ ಹಾರವಾದದ್ದು ನೀರು ಬರಲೆಂದು. ನಮ್ಮ ಹಾರ ಇರುವ ನೀರನ್ನೂ ಕೆಡಿಸುತ್ತಿದೆ.

ಇನ್ನು ವರ್ಷಕ್ಕೊಮ್ಮೆಯ ಶ್ರಮದಾನ. ಹೊಸ ಪೊರಕೆ, ಬ್ಯಾನರು, ಒಂದು ಸಸಿಗೆ ಹತ್ತು ಕೈ, ಒಂದು ಛಾಯಾಚಿತ್ರ. ಮಳೆಗಾಲದಲ್ಲಿ ನೆಟ್ಟ ಆ ಸಸಿಗೆ ವೈಶಾಖದ ಬಿಸಿಲಿನಲ್ಲಿ ಒಂದು ಕೊಡ ನೀರು ಹಾಕಿದವರು ಯಾರೆಂದು ಮಾತ್ರ ಕೇಳಬಾರದು! ಉತ್ಸಾಹ ಹೆಚ್ಚಾದರೆ ಅಪಾಯವೂ ಉಂಟು. ಕೆರೆಯ ಪಕ್ಕದ ಭುಯಿಕೋಟ ಕಿಲ್ಲೆಯಂತಹ ಹಳೆಯ ಗೋಡೆಯ ಸಂದಿನಲ್ಲಿ ಅರಳಿಯ ಮೊಳಕೆ ಕಂಡಿತೆಂದು ಹಿಡಿದೆಳೆದರೆ ಬೇರಿನೊಡನೆ ಗಾರೆಯೂ ಕಲ್ಲೂ ಕಿತ್ತು ಬರುತ್ತವೆ. ಕಾಂಡವನ್ನು ಕತ್ತರಿಸಿ, ಬೇರು ಮತ್ತೆ ಚಿಗುರದಂತೆ ಸಾಯಿಸಿ, ಸಂದನ್ನು ಸುಣ್ಣದ ಗಾರೆಯಿಂದ ತುಂಬಬೇಕು. ಅದು ಪುರಾತತ್ತ್ವ ಇಲಾಖೆಯ ನುರಿತವರ ಕೆಲಸ. ಕಂಡೊಡನೆ ಅವರಿಗೆ ತಿಳಿಸುವುದು, ತಿಳಿಸಿದ ಮೇಲೆ ಬೆನ್ನು ಬಿಡದೆ ಕೇಳುವುದು ನಮ್ಮ ಕೆಲಸ. ಗೋಡೆಯ ಬುಡದಲ್ಲಿ ಹೊಸ ಮರ ನೆಡದಿರುವುದೂ ಸೇವೆಯೇ.

ಸಾಹಿತ್ಯದ ಸಂಘಕ್ಕೆ ಕಸ ಹೆಕ್ಕುವ ಉಸಾಬರಿ ಏಕೆ ಎಂಬ ಆಕ್ಷೇಪವನ್ನು ನಮ್ಮ ಹಿರಿಯರಿಂದಲೇ ಕೇಳಿದ್ದೇವೆ. ಅವರು ಶೂನ್ಯಸಂಪಾದನೆಯನ್ನು ನೆನೆಯುವುದೂ ಉಂಟು: ಕೆರೆ ಕಟ್ಟುವುದರಲ್ಲೇ ಮುಳುಗಿದ್ದ ಸಿದ್ಧರಾಮನನ್ನು ಅಲ್ಲಮ ಮಣ್ಣು ಕೆಲಸದವನೆಂದು ಹಂಗಿಸಲಿಲ್ಲವೆ ಎಂದು. ಹಂಗಿಸಿದ, ನಿಜ. ಹಾಗೆ ಹಂಗಿಸಿಕೊಳ್ಳುವುದಕ್ಕಾದರೂ ಕೈಗೆ ಮಣ್ಣು ಹತ್ತಿರಬೇಕಲ್ಲ!

ಶಾಲೆಗಳಲ್ಲಿ ಕೈತೋಟದ ಪಾಳಿಯನ್ನು ಹಲಗೆಯ ಮೇಲೆ ಬರೆಯುತ್ತಿದ್ದೆವು. ಇಂದಿನ ಪಾಳಿ ಯಾರದೆಂಬುದು ಇಡೀ ಶಾಲೆಗೆ ಗೊತ್ತಿರುತ್ತಿತ್ತು. ಸಂಘದಲ್ಲಿಯೂ ಅಂತಹ ಹಲಗೆಯೊಂದು ತೂಗಲಿ. ಭಾನುವಾರಕ್ಕೆ ನಾಲ್ಕು ಮನೆ, ಬೆಳಗಿನ ಒಂದು ಗಂಟೆ, ಕೆರೆಯ ದಂಡೆ ಮತ್ತು ಉದ್ಯಾನ. ಮರಾಠಿ, ತೆಲುಗು, ಉರ್ದು ಮಾತನಾಡುವ ನೆರೆಯವರನ್ನೂ ಕರೆಯೋಣ. ನೀರಿಗೆ ಅವರೂ ನಾವೂ ಒಂದೇ. ಮೊದಲ ಪಾಳಿಗೆ ನಮ್ಮ ಹೆಸರುಗಳನ್ನು ಕೊಟ್ಟಿದ್ದೇವೆ. ಈ ಸಮ್ಮೇಳನದ ವೇದಿಕೆಯಲ್ಲಿ ಬೀಳುವ ಹಾರಗಳನ್ನು ದಾರ ಬಿಡಿಸಿ ಗೊಬ್ಬರದ ಗುಂಡಿಗೆ ಹಾಕುವುದೇ ಆ ಪಾಳಿಯ ಕೆಲಸ. ಅಧ್ಯಕ್ಷರು ಹಾರವನ್ನು ಕಾರಿನಲ್ಲಿ ಕೊಂಡೊಯ್ಯದೆ ನಮ್ಮ ಬುಟ್ಟಿಗೆ ಹಾಕಬೇಕಾಗಿ ವಿನಂತಿ.