ಇಲಿಯ ಸಾಕ್ಷಿ ಮತ್ತು ನಮ್ಮ ಪೊಟ್ಟಣ



ಸಂಘದ ಕಾಫಿ ಪುಡಿಯ ಪೊಟ್ಟಣದ ಮೇಲೆ ‘ಆಂಟಿ ಆಕ್ಸಿಡೆಂಟ್ ಭರಿತ, ಬೊಜ್ಜು ಕರಗಿಸುತ್ತದೆ’ ಎಂದು ಅಚ್ಚು ಹಾಕಿಸಬೇಕೆಂಬ ಸಲಹೆ ಕಳೆದ ಸಭೆಯಲ್ಲಿ ಬಂದಿತು. ಮಾರಾಟ ಹೆಚ್ಚಲೆಂಬ ಸದುದ್ದೇಶವೇ ಅದರ ಹಿಂದಿದೆ. ಆದರೂ ನನಗೆ ಒಪ್ಪಿಗೆಯಿಲ್ಲ. ಕಾರಣಗಳನ್ನು ತಮ್ಮ ಮುಂದಿಡುತ್ತೇನೆ.

ಹಸಿ ಕಾಫಿ ಬೀಜದಲ್ಲಿ ಕ್ಲೋರೋಜೆನಿಕ್ ಆಮ್ಲವಿದೆ. ಅರೇಬಿಕಾಕ್ಕಿಂತ ರೊಬಸ್ಟಾದಲ್ಲಿ ಹೆಚ್ಚು. ಇದನ್ನು ಪರೀಕ್ಷಿಸುವ ಕ್ರಮ ಹೀಗೆ: ಶಕ್ತಿಯ ಶೇ. 45ರಿಂದ 60ರಷ್ಟು ಭಾಗ ಕೊಬ್ಬಿನಿಂದಲೇ ದೊರೆಯುವಂಥ ಆಹಾರವನ್ನು ಪ್ರಯೋಗಾಲಯದ ಇಲಿಗಳಿಗೆ ತಿನ್ನಿಸುತ್ತಾರೆ. ಕೆಲವು ವಾರಗಳಲ್ಲಿ ಇಲಿ ದಪ್ಪಗಾಗುತ್ತದೆ, ಯಕೃತ್ತಿನಲ್ಲಿ ಕೊಬ್ಬು ಸೇರುತ್ತದೆ, ಇನ್ಸುಲಿನ್ ನಾಟದೆ ರಕ್ತದ ಸಕ್ಕರೆ ಏರುತ್ತದೆ. ಇನ್ನೊಂದು ಗುಂಪಿಗೆ ಅದೇ ಆಹಾರದಲ್ಲಿ ಆಮ್ಲ ಬೆರೆಸಿ ಕೊಟ್ಟು ವ್ಯತ್ಯಾಸ ನೋಡುತ್ತಾರೆ.

ಫಲವೇನು? 2010ರಲ್ಲಿ ಪ್ರಕಟವಾದ ಕೊರಿಯಾದ ಪ್ರಯೋಗದಲ್ಲಿ ಇಲಿಗಳ ತೂಕ ತಗ್ಗಿತು. 2013ರ ಆಸ್ಟ್ರೇಲಿಯಾದ ಪ್ರಯೋಗದಲ್ಲಿ 12 ವಾರ ಕೊಟ್ಟರೂ ಗುಣ ಕಾಣಲಿಲ್ಲ. ಬದಲಿಗೆ ಯಕೃತ್ತಿನ ಕೊಬ್ಬು ಹೆಚ್ಚಿತು. ಒಂದು ತೋಟಕ್ಕೆ ಹಿಡಿಸಿದ ಗೊಬ್ಬರ ಪಕ್ಕದ ತೋಟಕ್ಕೆ ಹಿಡಿಸದಿರುವುದು ನಮಗೆ ಹೊಸದೇ? ಸಾಲದ್ದಕ್ಕೆ, ಬೀಜ ಹುರಿಯುವಾಗ ಈ ಆಮ್ಲ ಬಹಳಷ್ಟು ನಾಶವಾಗುತ್ತದೆ. ನಾವು ಮಾರುವುದು ಹುರಿದ ಪುಡಿಯನ್ನು.

ಮನುಷ್ಯರ ವಿಷಯಕ್ಕೆ ಬಂದರೆ, ನಮ್ಮ ದೇಶದಲ್ಲೇ 16 ಮಂದಿಯ ಮೇಲೆ ನಡೆದ ಒಂದು ಪರೀಕ್ಷೆ 2012ರಲ್ಲಿ ಪ್ರಕಟವಾಗಿ, ಹಸಿ ಕಾಫಿಯ ಸಾರ ತೂಕ ಇಳಿಸುತ್ತದೆಂದು ಅಮೆರಿಕದಲ್ಲಿ ಭಾರೀ ಪ್ರಚಾರವಾಯಿತು. ಅಂಕಿ ಅಂಶಗಳಿಗೆ ಆಧಾರವಿಲ್ಲವೆಂದು 2014ರಲ್ಲಿ ಆ ಲೇಖನವನ್ನು ಹಿಂತೆಗೆದುಕೊಂಡರು. ಪರೀಕ್ಷೆಗೆ ಹಣ ಕೊಟ್ಟಿದ್ದ ಅಮೆರಿಕದ ಕಂಪನಿ 35 ಲಕ್ಷ ಡಾಲರ್ ತೆರಲು ಒಪ್ಪಬೇಕಾಯಿತು.

ಇನ್ನೊಂದು ಕಹಿ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಆಗ ನಾವೆಲ್ಲ ‘ಇಲಿ ಬೇರೆ, ಮನುಷ್ಯ ಬೇರೆ’ ಎಂದು ವಾದಿಸಿದೆವು. ಆ ವರದಿ ಇಲಿಗಳನ್ನಷ್ಟೇ ನಂಬಿರಲಿಲ್ಲ, ಎಲೆ ಅಡಿಕೆ ಜಗಿಯುವ ಜನರನ್ನೂ ನೋಡಿತ್ತು. ಅಡಿಕೆಗೆ ಒಲ್ಲದ ಇಲಿಯ ಸಾಕ್ಷಿ ಕಾಫಿಗೆ ಮಾತ್ರ ಬೇಕೆಂದರೆ ನಮ್ಮ ಮಾತಿಗೆ ಯಾರು ಬೆಲೆ ಕೊಟ್ಟಾರು?

ಪೊಟ್ಟಣದ ಮೇಲೆ ಹುರಿದ ತಾರೀಖು, ಬೀಜದ ದರ್ಜೆ, ಚಿಕೋರಿಯ ಶೇಕಡಾವಾರು ಪ್ರಮಾಣ ದಪ್ಪಕ್ಷರದಲ್ಲಿರಲಿ. ಇವಕ್ಕೆ ನಾವೇ ಜವಾಬು ಹೇಳಬಲ್ಲೆವು. ಮುಂದಿನ ಮಹಾಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿದೆ. ತಾವೆಲ್ಲರೂ ತಪ್ಪದೆ ಬಂದು ಅಭಿಪ್ರಾಯ ತಿಳಿಸಬೇಕಾಗಿ ವಿನಂತಿ.

– ಕಾರ್ಯದರ್ಶಿ