ಆಟದ ನಡುವೆ ಕಂಪ್ಯೂಟರ್ ಆಫ್ ಆದಾಗ

ಮಗ ಗೇಮ್ ಆಡುತ್ತಿರುವಾಗ ಕಂಪ್ಯೂಟರ್ ಫಕ್ಕನೆ ಆಫ್ ಆಗುತ್ತದೆ. "ಆಡಿ ಆಡಿ ಕೆಡಿಸಿಬಿಟ್ಟೆ" ಎಂದು ನೀವು ಗದರುತ್ತೀರಿ. ಸಹೋದರಿ, ತುಸು ತಾಳಿ. ಅದು ಕೆಟ್ಟಿರಲಾರದು, ತನ್ನನ್ನು ತಾನು ಉಳಿಸಿಕೊಂಡಿರಬಹುದು.

ಗೇಮ್ ಆಡುವಾಗ ಪ್ರೊಸೆಸರ್‌ಗೆ ಬಿಡುವಿಲ್ಲದ ದುಡಿಮೆ. ಅದರ ಶಾಖ ಸುಮಾರು 100 ಡಿಗ್ರಿ ಮುಟ್ಟಿದರೆ, ಸುಟ್ಟುಹೋಗದಂತೆ ಯಂತ್ರವೇ ನಿಂತುಬಿಡುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಬಿಸಿಲೇ 40 ಡಿಗ್ರಿ ದಾಟುತ್ತದೆ. ಅದರ ಮೇಲೆ ದೇವದುರ್ಗ, ಮಾನ್ವಿ ಕಡೆಯ ಮನೆಗಳಲ್ಲಿ ಹೊಲದ ಧೂಳು ಬೇರೆ. ಫ್ಯಾನಿಗೆ ಧೂಳು ಮೆತ್ತಿದರೆ ಬಿಸಿ ಹೊರಹೋಗುವುದೆಲ್ಲಿಂದ?

ಯಾವಾಗ ಆಫ್ ಆಗುತ್ತದೆಂದು ಗಮನಿಸಿ. ಹತ್ತಿಪ್ಪತ್ತು ನಿಮಿಷ ಆಡಿದ ಮೇಲೆ, ಡಬ್ಬಿ ಕಾದಾಗ ಆದರೆ ಶಾಖವೇ ಕಾರಣವಿರಬಹುದು. ನೀರಿನ ಮೋಟಾರ್ ಹಾಕಿದೊಡನೆ ದೀಪ ಮಂಕಾಗಿ ಆಫ್ ಆದರೆ ವೋಲ್ಟೇಜಿನ ದೋಷ. ಒಳ್ಳೆಯ ಯುಪಿಎಸ್ ಬೇಕು. ಬಿಸಿಯೂ ಇಲ್ಲ, ವೋಲ್ಟೇಜೂ ಸರಿ, ಗೇಮ್ ಶುರುವಾದೊಡನೆ ಆಫ್ ಎಂದರೆ ಒಳಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್ ಸೋತಿರಬಹುದು. ಅದನ್ನು ಮಾತ್ರ ಬಿಚ್ಚಬೇಡಿ; ಪ್ಲಗ್ ತೆಗೆದರೂ ಒಳಗೆ ವಿದ್ಯುತ್ ಉಳಿದಿರುತ್ತದೆ. ಮೆಕ್ಯಾನಿಕ್‌ಗೆ ಬಿಡಿ.

ಧೂಳನ್ನು ನೀವೇ ತೆಗೆಯಬಹುದು. ಪ್ಲಗ್ ಕಿತ್ತು, ಪಕ್ಕದ ಮುಚ್ಚಳ ಬಿಚ್ಚಿ, ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದು, ಒಣ ಮೆತ್ತನೆಯ ಬ್ರಷ್‌ನಿಂದ ಉಜ್ಜಿ. ಒದ್ದೆ ಬಟ್ಟೆ ಬೇಡ. ಡಬ್ಬಿಯನ್ನು ಗೋಡೆಯಿಂದ ಗೇಣುದ್ದ ಸರಿಸಿ. ಅಂದಕ್ಕೆಂದು ಹೊದಿಸಿದ ಕಸೂತಿ ಬಟ್ಟೆಯನ್ನು ಚಾಲೂ ಇರುವಾಗ ತೆಗೆದಿಡಿ. ಹೀಗೆ ಮಾಡಿಯೂ ಬಿಸಿಯಾದರೆ ಪ್ರೊಸೆಸರ್ ಮೇಲಿನ ಪೇಸ್ಟ್ ಒಣಗಿದೆಯೇ ಎಂದು ಅಂಗಡಿಯಲ್ಲಿ ನೋಡಿಸಿ.

ಹೊಸ ಕಂಪ್ಯೂಟರ್‌ಗೆ ಹಣ ಹೊಂದಿಸುವ ಮುನ್ನ, ಮಗನನ್ನು ಗದರುವ ಮುನ್ನ, ಅವನ ಕೈಗೇ ಆ ಬ್ರಷ್ ಕೊಟ್ಟು ಜೊತೆಗೆ ಕುಳಿತುಕೊಳ್ಳಿ.