ಮಿಕ್ಕ ತುಂಡುಗಳನ್ನು ಆಯುವವರಾರು?

ಐದು ರೊಟ್ಟಿಗಳಿಂದ ಜನಸ್ತೋಮವನ್ನು ತೃಪ್ತಿಪಡಿಸಿದ ಮೇಲೆ, ಮಿಕ್ಕ ತುಂಡುಗಳು ಹಾಳಾಗದಂತೆ ಆಯ್ದು ತರಲು ಯೇಸುಸ್ವಾಮಿ ಶಿಷ್ಯರನ್ನು ಕಳುಹಿಸಿದರೆಂದು ಸಂತ ಯೊವಾನ್ನರ ಶುಭಸಂದೇಶ ತಿಳಿಸುತ್ತದೆ. ಬೇಕಾದಷ್ಟು ರೊಟ್ಟಿಯನ್ನು ಕೊಡಬಲ್ಲವರಿಗೆ ತುಂಡುಗಳ ಚಿಂತೆ ಏಕೆ? ಈ ಕುರಿತು ಎಷ್ಟೋ ಪ್ರಬೋಧನೆಗಳನ್ನು ಕೇಳಿದ್ದೇವೆ. ಆದರೆ ಹಳೆಯ ಮನೆಯನ್ನು ಕೆಡವುವ ದಿನ ಆ ಹನ್ನೆರಡು ಬುಟ್ಟಿಗಳು ನಮಗೆ ನೆನಪಾಗುವುದಿಲ್ಲ.

ನಮ್ಮ ಕರಾವಳಿಯಲ್ಲಿ ನಡೆಯುವುದನ್ನು ನೀವೇ ಬಲ್ಲಿರಿ. ಮಗ ಪರದೇಶದಿಂದ ಹಣ ಕಳುಹಿಸುತ್ತಾನೆ. ಅಜ್ಜ ಕಟ್ಟಿಸಿದ ಹೆಂಚಿನ ಮನೆ ಒಮ್ಮೆಲೇ ಅವಮಾನದ ಗುರುತಾಗಿ ಕಾಣತೊಡಗುತ್ತದೆ. ಜೆಸಿಬಿ ಬರುತ್ತದೆ, ಅರ್ಧ ದಿನದಲ್ಲಿ ಹೆಂಚು, ಮುರಕಲ್ಲು, ಗಾರೆ ಎಲ್ಲವೂ ಒಂದೇ ರಾಶಿ. ಆ ರಾಶಿ ಟಿಪ್ಪರಿನಲ್ಲಿ ಯಾವುದೋ ಗದ್ದೆಗೆ, ಹಳ್ಳಕ್ಕೆ, ಕೆರೆಯಂಚಿಗೆ ಹೋಗಿ ಬೀಳುತ್ತದೆ. ಬಾಗಿಲು, ತೊಲೆಗಳನ್ನು ಮಾತ್ರ ಹಳೆ ಮರದ ವ್ಯಾಪಾರಿ ಮೊದಲೇ ಕೊಂಡೊಯ್ದಿರುತ್ತಾನೆ. ಅವುಗಳ ಬೆಲೆ ಅವನಿಗೆ ಗೊತ್ತು, ನಮಗಿಲ್ಲ.

ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಆ ಹೆಂಚು ಗಾರೆಯ ಹಂಗಿಲ್ಲದೆ ರೀಪಿನ ಮೇಲೆ ಕೂರುತ್ತದೆ. ಆದುದರಿಂದ ಒಡೆಯದೆ ಇಳಿಸಬಹುದು, ಇನ್ನೊಂದು ಮಾಡಿಗೆ ಏರಿಸಬಹುದು. ಮಣ್ಣು ಅಥವಾ ಸುಣ್ಣದ ಗಾರೆಯಲ್ಲಿ ಕಟ್ಟಿದ ಕಲ್ಲು, ಇಟ್ಟಿಗೆಗಳೂ ಹಾಗೆಯೇ, ಸುಲಭವಾಗಿ ಬಿಡಿಸಿಕೊಳ್ಳುತ್ತವೆ. ಸಿಮೆಂಟಿನ ಗಾರೆಯಾದರೋ ಇಟ್ಟಿಗೆಗಿಂತ ಗಟ್ಟಿ. ಬಿಡಿಸಹೋದರೆ ಇಟ್ಟಿಗೆಯೇ ಒಡೆಯುತ್ತದೆ. ಹಿರಿಯರು ಇದನ್ನೆಲ್ಲ ಯೋಚಿಸಿಯೇ ಕಟ್ಟಿದರೆಂದು ನಾನು ಹೇಳಲಾರೆ. ಬಡತನ ಅವರಿಗೆ ಕಲಿಸಿತ್ತು. ಹಣ ಬಂದೊಡನೆ ನಾವು ಮರೆತೆವು.

ಕೈಯಿಂದ ಬಿಚ್ಚಿಸಿದರೆ ದಿನಗಳು ಹಿಡಿಯುತ್ತವೆ, ಕೂಲಿ ಹೆಚ್ಚು ಎನ್ನುತ್ತಾರೆ ಗುತ್ತಿಗೆದಾರರು. ನಿಜವೇ. ಆದರೆ ಹೊಸ ಕಲ್ಲಿಗೆ, ಹೊಸ ಜಲ್ಲಿಗೆ, ಮರಳಿಗೆ, ರಾಶಿ ಸಾಗಿಸುವ ಟಿಪ್ಪರಿಗೆ ನೀವು ತೆರುವ ಹಣವನ್ನು ಅವರು ಆ ಲೆಕ್ಕದಲ್ಲಿ ಸೇರಿಸುವರೇ? ಮರಳಿಗಾಗಿ ಬರಿದಾದ ನದಿ, ಜಲ್ಲಿಗಾಗಿ ಸಿಡಿದ ಗುಡ್ಡ ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ. ಇನ್ನು ಕೂಲಿಯೆಂದರೆ, ಅದು ನಮ್ಮ ಊರಿನ ದುಡಿಯುವ ಕೈಗಳಿಗೇ ಸೇರುವ ಹಣವಲ್ಲವೇ?

ಹಳೆಯದು ದುರ್ಬಲವೆಂಬ ಮಾತೂ ಪೂರ್ತಿ ಸರಿಯಲ್ಲ. ಒಡೆದ ಕಾಂಕ್ರೀಟನ್ನು ಪುಡಿಮಾಡಿ ಪಡೆದ ಜಲ್ಲಿಯನ್ನು ಎಂ-25 ದರ್ಜೆಯವರೆಗಿನ ಉಕ್ಕಿನ ಕಾಂಕ್ರೀಟಿನಲ್ಲಿ ಶೇಕಡ 20ರವರೆಗೆ ಬಳಸಲು ಭಾರತೀಯ ಮಾನಕ 383 ತನ್ನ 2016ರ ಪರಿಷ್ಕರಣೆಯಲ್ಲಿ ಅನುಮತಿ ನೀಡಿದೆ. ಅದೇ ವರ್ಷ ಕೇಂದ್ರ ಸರಕಾರ ಕಟ್ಟಡ ತ್ಯಾಜ್ಯಕ್ಕೆಂದೇ ನಿಯಮಗಳನ್ನು ತಂದಿತು. 2025ರಲ್ಲಿ ಹೊಸ ನಿಯಮಗಳು ಬಂದವು. ಅವುಗಳ ಮುಖ್ಯ ಹೊಣೆ 20,000 ಚದರ ಮೀಟರಿನಂಥ ದೊಡ್ಡ ಕಟ್ಟಡಗಳ ಮೇಲೆ. ನಮ್ಮ ಮನೆಗಳ ಅಂಗಳಕ್ಕೆ ಸರಕಾರದ ಕಣ್ಣು ತಲುಪುವುದು ಕಷ್ಟ. ಅಲ್ಲಿ ನಮ್ಮ ಮನಸ್ಸಾಕ್ಷಿಯೇ ಇನ್‌ಸ್ಪೆಕ್ಟರ್.

ಇನ್ನೊಂದು ಕಹಿ ಮಾತು. ಉತ್ಪಾದನೆಯು ವರ್ತುಲದಂತೆ ನಡೆದು ಬಳಸಿದ್ದು ಮತ್ತೆ ಬಳಕೆಗೆ ಬರಬೇಕೆಂದು ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೋ ಸಿ' ವಿಶ್ವಪತ್ರದಲ್ಲಿ ಬರೆದರು. ಅದನ್ನು ಓದಿ, ವಿಚಾರಗೋಷ್ಠಿ ನಡೆಸಿ, ಗಿಡ ನೆಟ್ಟು, ಮರುವರ್ಷವೇ ಶತಮಾನೋತ್ಸವದ ನೆಪದಲ್ಲಿ ಗಟ್ಟಿಮುಟ್ಟಾದ ದೇವಾಲಯವನ್ನು ಕೆಡವಲು ಹೊರಡುವವರೂ ನಾವೇ. ಮನೆ ಕಟ್ಟುವವರು ಬಿಸುಟ ಕಲ್ಲಿನ ಬಗ್ಗೆ ಬಲಿಪೀಠದಿಂದ ಕೇಳುವ ನಾವು, ಆ ಹಳೆಯ ಗೋಡೆಯ ಕಲ್ಲು ಯಾವ ಹಳ್ಳವನ್ನು ತುಂಬಿತೆಂದು ವಿಚಾರಿಸುವುದಿಲ್ಲ.

ನಿಮ್ಮ ಧರ್ಮಕೇಂದ್ರದ ಪಾಲನಾ ಪರಿಷತ್ತಿನ ಮುಂದೆ ಹೊಸ ಕಟ್ಟಡದ ನಕ್ಷೆ ಬಂದಾಗ, ದಯವಿಟ್ಟು ಎದ್ದು ನಿಂತು ಮೂರು ಪ್ರಶ್ನೆ ಕೇಳಿರಿ. ದುರಸ್ತಿ ಸಾಧ್ಯವಿಲ್ಲವೇ? ಕೆಡವಲೇಬೇಕಾದರೆ ಹೆಂಚು, ಕಲ್ಲು, ಮರಗಳನ್ನು ಬಿಚ್ಚಿ ಎಣಿಸಿಡುವ ಷರತ್ತು ಗುತ್ತಿಗೆ ಪತ್ರದಲ್ಲಿದೆಯೇ? ಮಿಕ್ಕದ್ದು ಎಲ್ಲಿಗೆ ಹೋಗುತ್ತದೆ? ಮೂರನೆಯದಕ್ಕೆ ಗುತ್ತಿಗೆದಾರರು ನೋಡಿಕೊಳ್ಳುತ್ತಾರೆಂಬ ಉತ್ತರ ಬಂದರೆ ಕುಳಿತುಕೊಳ್ಳಬೇಡಿರಿ.